ಐದನೇ ತಿಂಗಳಲ್ಲಿ ಹಾಕಿದ ಮಂಡಿ

ಮೊದಲು ಬಂದದ್ದು ನೋವಲ್ಲ, ಸದ್ದು.

ಶಿರಸಿಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಅವತ್ತು ಮಷಿನ್ ಮುಂದಿನಿಂದ ಎದ್ದಾಗ ಬಲ ಮೊಣಕಾಲಿನ ಒಳಗೆ ಕರ್ರ್ ಎಂದಿತು. ಬ್ಲೌಸಿನ ಅಳತೆ ಕೊಡಲು ನಿಂತಿದ್ದ ಹೆಂಗಸಿಗೂ ಕೇಳಿಸಿ ಅವಳು ನನ್ನ ಮುಖ ನೋಡಿದಳು. "ಕುರ್ಚಿ ಸದ್ದು" ಎಂದೆ. ನನ್ನ ಕುರ್ಚಿ ಪ್ಲಾಸ್ಟಿಕ್ಕಿನದು. ಅಷ್ಟು ಹೊತ್ತಿಗಾಗಲೇ ಈ ಕಾಲಿನ ವಿಷಯದಲ್ಲಿ ಸುಳ್ಳು ಹೇಳುವುದು ನನಗೆ ರೂಢಿಯಾಗಿತ್ತು.

ಆ ಕಾಲಿಗೆ ಎರಡು ವರ್ಷದ ಹಿಂದೆ ಆಪರೇಷನ್ ಆಗಿತ್ತು. ನಾನು ಹೆಂಗಸರ ಯಕ್ಷಗಾನ ತಂಡವೊಂದರಲ್ಲಿ ಪುಂಡುವೇಷ ಮಾಡುತ್ತಿದ್ದವಳು. ಪುಂಡುವೇಷವೆಂದರೆ ಎಳೆಯ ವೀರನ ಪಾತ್ರ. ಅದರ ಜೀವ ಇರುವುದು ಮಂಡಿಯಲ್ಲಿ. ಎರಡೂ ಮೊಣಕಾಲು ನೆಲಕ್ಕೂರಿ ರಂಗದ ತುಂಬ ಗರಗರನೆ ಸುತ್ತಬೇಕು. ನಮ್ಮ ಕಡೆಯ ಪ್ರೇಕ್ಷಕರು ಸುತ್ತು ಎಣಿಸುತ್ತಾರೆ. ಮಾತು ತಪ್ಪಿದರೆ ಸುಮ್ಮನಿರುತ್ತಾರೆ, ಮಂಡಿ ಕಡಿಮೆಯಾದರೆ ಮರುದಿನ ಬಸ್ಸಿನಲ್ಲಿ ಸಿಕ್ಕಾಗ ಕೇಳುತ್ತಾರೆ. ಮೂವತ್ತೈದು ದಾಟಿದ ಹೆಂಗಸು ಹದಿನೆಂಟರ ಹುಡುಗರ ಹಾಗೆ ಮಂಡಿ ಹಾಕುತ್ತಾಳೆ ಎಂದು ನನಗೆ ಹೆಸರಿತ್ತು. ಆ ಹೆಸರಿನ ರುಚಿ ಚೆನ್ನಾಗಿಯೇ ಹತ್ತಿತ್ತು.

ಸಿದ್ದಾಪುರದಲ್ಲಿ ಅಭ್ಯಾಸ ಮಾಡುವಾಗ ಒಮ್ಮೆ ಹಾರಿ ಇಳಿದೆ. ಪಾದ ಹಲಗೆಗೆ ಕಚ್ಚಿಕೊಂಡಿತು, ಮೈ ಮಾತ್ರ ತಿರುಗಿತು.

ಟಪ್ ಎಂದಿತು.

ಹರಿದದ್ದು ಎಸಿಎಲ್ ಎಂಬ ಲಿಗಮೆಂಟ್, ಮೊಣಕಾಲಿನ ಎಲುಬುಗಳನ್ನು ಹಿಡಿದಿಡುವ ಕಟ್ಟು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ನನ್ನದೇ ತೊಡೆಯ ಹಿಂಭಾಗದಿಂದ ಎಳೆ ತೆಗೆದು ಹೊಸದೊಂದು ಲಿಗಮೆಂಟ್ ಕಟ್ಟಿ ಕೂರಿಸಿದರು. ಡಿಸ್ಚಾರ್ಜ್ ದಿನ ಫಿಸಿಯೋಥೆರಪಿಸ್ಟ್ ಹಾಸಿಗೆಯ ಪಕ್ಕ ಕೂತು ನಿಧಾನವಾಗಿ ಹೇಳಿದರು. "ಒಂದು ವರ್ಷ ಮಂಡಿ ಊರೋ ಹಾಗಿಲ್ಲ. ನಾವು ಟೆಸ್ಟ್ ಮಾಡಿ ಆಯ್ತು ಅನ್ನೋವರೆಗೆ ಕುಣಿತ ಬೇಡ. ತೊಡೆಗೆ ಬಲ ಬರದೆ ಕುಣಿದರೆ ಭಾರವೆಲ್ಲ ಮೊಣಕಾಲೇ ಹೊರಬೇಕಾಗುತ್ತೆ." ನಾನು ಶಾಲೆಯ ಮಗುವಿನ ಹಾಗೆ ತಲೆ ಆಡಿಸಿದೆ.

ಆ ತಿಂಗಳುಗಳಲ್ಲಿ ಮನೆಯ ದಿನಚರಿಯೇ ನನ್ನ ಕಾಲಿನ ಸುತ್ತ ತಿರುಗಿತು. ನನ್ನ ಗಂಡ ತರಕಾರಿ ಹೆಚ್ಚಲು ಕಲಿತರು. ಬಗ್ಗಿ ನನಗೆ ಚಪ್ಪಲಿ ಹಾಕಿಸಿದರು. ಕಾಲಿನಿಂದ ತುಳಿಯುವ ಹೊಲಿಗೆ ಮಷಿನ್ನಿಗೆ ಮೋಟಾರ್ ಕೂರಿಸಿದರು. ಬಲತೊಡೆ ಎಡದ ಅರ್ಧದಷ್ಟಾಗಿತ್ತು. ಹಿಮ್ಮಡಿಯ ಕೆಳಗೆ ಟವೆಲ್ ಸುರುಳಿ ಇಟ್ಟು ಮೊಣಕಾಲು ಒತ್ತುವ ವ್ಯಾಯಾಮವನ್ನು ಅವರೇ ಎದುರು ಕೂತು ಎಣಿಸುತ್ತಿದ್ದರು. ಸ್ವಲ್ಪ ನಡೆಯಲು ಬಂದ ಕೂಡಲೇ ನನಗೆ ಅದರಲ್ಲಿ ಬೇಸರ ಬಂತು. ಮೂರು ಹೊತ್ತಿನದು ಒಂದು ಹೊತ್ತಿಗೆ ಇಳಿಯಿತು, ಆಮೇಲೆ ಅವರು ಕೇಳಿದಾಗ "ಆತು" ಎನ್ನುವುದಷ್ಟೇ ಉಳಿಯಿತು.

ಐದನೇ ತಿಂಗಳಲ್ಲಿ ಯಲ್ಲಾಪುರದ ಸಭಾಭವನದಲ್ಲಿ ಒಂದು ಭಾನುವಾರ ಮಧ್ಯಾಹ್ನ ನಮ್ಮ ತಂಡದ ಪ್ರಸಂಗವಿತ್ತು. ನನ್ನ ವೇಷವನ್ನು ಹೊಸದಾಗಿ ಕಲಿತವಳೊಬ್ಬಳಿಗೆ ಕೊಟ್ಟಿದ್ದರು. ಅವಳು ಚೆನ್ನಾಗಿ ಮಾಡುತ್ತಾಳೆ ಎಂದು ಎರಡು ಮೂರು ಜನ ನನಗೇ ಬಂದು ಹೇಳಿದರು. ಹೊಟ್ಟೆ ಉರಿಯಿತು. ಇದಕ್ಕಿಂತ ನಾಜೂಕಾದ ಶಬ್ದ ಹುಡುಕಿದರೆ ಅದೂ ಸುಳ್ಳಾಗುತ್ತದೆ.

"ಆಟ ನೋಡಲೆ ಹೋಗ್ತೆ" ಎಂದು ಗಂಡನಿಗೆ ಹೇಳಿದೆ.

"ಹೋಗು. ಕುರ್ಚಿ ಮೇಲೇ ಕೂತ್ಗ, ಕೆಳಗೆ ಕೂರಡ" ಎಂದರು.

ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚುವ ಕೋಣೆಯಲ್ಲಿ, ಡಾಕ್ಟರು ಒಪ್ಪಿದ್ದಾರೆ ಎಂದು ಹೇಳಿ ವೇಷ ಇಸಿದುಕೊಂಡೆ. ಆ ಹುಡುಗಿ ಹಚ್ಚಿದ ಬಣ್ಣ ತೊಳೆದು ಬಂದಳು. ಮೊಣಕಾಲಿಗೆ ಎರಡೆರಡು ಪಟ್ಟಿ ಬಿಗಿದು ಹನ್ನೊಂದು ಸುತ್ತು ಮಂಡಿ ಹಾಕಿದೆ. ಚಪ್ಪಾಳೆ ಬಿತ್ತು.

ಮರುದಿನ ಮೊಣಕಾಲು ಊದಿಕೊಂಡಿತು. ಬಸ್ಸಿನ ಮೆಟ್ಟಿಲಲ್ಲಿ ಜಾರಿತು ಎಂದೆ. ನನ್ನ ಗಂಡ ಕಾಣದ ಡ್ರೈವರನನ್ನು ಬೈಯುತ್ತ ಐಸ್ ಇಟ್ಟರು. ಊತ ಇಳಿದ ಮೇಲೆ, ವರ್ಷ ತುಂಬುವ ಮೊದಲೇ, ಅವರಿಗೆ ತಿಳಿಯದ ಹಾಗೆ ಇನ್ನೂ ಮೂರು ಸಲ ಕುಣಿದೆ. ಫಿಸಿಯೋಥೆರಪಿಗೆ ಹೋಗುವುದನ್ನು ನಿಲ್ಲಿಸಿದೆ. ಟೆಸ್ಟ್ ಮಾಡಿದರೆ ಸಿಕ್ಕಿಬೀಳುತ್ತೇನೆಂಬ ಭಯ.

ಸದ್ದು ಶುರುವಾಗಿ, ಮೆಟ್ಟಿಲಿಳಿಯುವಾಗ ನೋವೂ ಸೇರಿಕೊಂಡ ಮೇಲೆ ಮತ್ತೆ ಹುಬ್ಬಳ್ಳಿಗೆ ಹೋದೆವು. ಎಂಆರ್‌ಐ ಆಯಿತು. ಡಾಕ್ಟರು ಪರದೆಯ ಮೇಲೆ ತೋರಿಸಿದರು. "ಲಿಗಮೆಂಟ್ ಗಟ್ಟಿ ಅದ. ಆದ್ರ ಕಾರ್ಟಿಲೇಜ್ ಬದಲಾಗೇದ ನೋಡ್ರಿ. ಮೊಣಕಾಲ ಚಿಪ್ಪಿನ ಹಿಂದ ಮೆತ್ತಗಾಗೇದ, ಇಲ್ಲಿ ತೆಳ್ಳಗಾಗೇದ." ಎಲುಬಿನ ತುದಿಗೆ ಹೊದಿಸಿದ ನುಣುಪು ಪದರ ಅದು. ಒಮ್ಮೆ ಸವೆದರೆ ಮೊದಲಿನಂತೆ ಬೆಳೆಯುವುದಿಲ್ಲವಂತೆ. ಇದ್ದದ್ದನ್ನು ಕಾಪಾಡಿಕೊಳ್ಳಬೇಕು, ತೊಡೆಗೆ ಬಲ ತರಬೇಕು, ಕುಕ್ಕರಗಾಲಲ್ಲಿ ಕೂರಬಾರದು.

ಆಮೇಲೆ ಕೇಳಿದರು. "ಮೊದಲನೇ ವರ್ಷದಾಗ ಮಂಡಿ ಏನರ ಊರಿದ್ರೇನು? ಕುಣಿದ್ರೇನು?"

ಗಂಡ ಪಕ್ಕದಲ್ಲಿದ್ದರು.

"ಇಲ್ಲ" ಎಂದೆ.

ಡಾಕ್ಟರು ಬರೆದುಕೊಂಡರು. ಲಿಗಮೆಂಟ್ ಹರಿದ ಹೊತ್ತಿಗೇ ಕಾರ್ಟಿಲೇಜಿಗೂ ಏಟು ಬಿದ್ದಿರಬಹುದು, ಎಲ್ಲ ಸರಿಯಾಗಿ ಪಾಲಿಸಿದವರಿಗೂ ಕೆಲವೊಮ್ಮೆ ಹೀಗಾಗುತ್ತದೆ, ಖಚಿತ ಕಾರಣ ಹೇಳುವುದು ಕಷ್ಟ ಎಂದರು. ಅದು ನಿಜವೇ ಇರಬಹುದು. ನನಗೆ ಮಾತ್ರ ಬಚ್ಚಿಟ್ಟುಕೊಳ್ಳಲು ಜಾಗ ಸಿಕ್ಕ ಹಾಗಾಯಿತು.

ಅಷ್ಟಕ್ಕೆ ನಿಂತಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ಹೊಲಿಗೆ ಅಂಗಡಿಗೆ ಬಂದವರು ಮಾತಾಡದೆ ಹೋಗುವುದಿಲ್ಲ. ಕಾಲೆಳೆಯುವುದನ್ನು ಕಂಡವರೆಲ್ಲ ಏನಾಯಿತೆಂದು ಕೇಳಿದರು. ಮೊದಲು "ಸವೆದಿದೆಯಂತೆ" ಎನ್ನುತ್ತಿದ್ದೆ. ಅದಕ್ಕೆ ಯಾರೂ ಅಯ್ಯೋ ಎನ್ನಲಿಲ್ಲ. ಕ್ರಮೇಣ "ಆಪರೇಷನ್ ಮಾಡಿಸಿದ್ದೇ ತಪ್ಪಾಯಿತು" ಎಂದೆ. ಕೊನೆಗೆ, ಟೇಪು ಕೊರಳಿಗೆ ಹಾಕಿಕೊಂಡು, "ಇದ್ದ ಕಾಲನ್ನು ಕೆಡಿಸಿ ಕಳಿಸಿದರು" ಎಂದು ಹೇಳತೊಡಗಿದೆ. ಎಷ್ಟು ಜನರಿಗೆ ಹೇಳಿದೆನೋ ಲೆಕ್ಕವಿಲ್ಲ.

ದಾಸನಕೊಪ್ಪದ ಗಿರಿಜಕ್ಕ ನನ್ನ ಹಳೆಯ ಗಿರಾಕಿ. ಮಗಳು ನೇತ್ರಾ ಕಾಲೇಜಿನ ಕಬಡ್ಡಿ ತಂಡದಲ್ಲಿದ್ದಳು. ಒಂದು ದಿನ ಅಳತೆಗೆ ಕೈ ಚಾಚಿ ನಿಂತುಕೊಂಡೇ ಗಿರಿಜಕ್ಕ ಹೇಳಿದರು.

"ನಮ್ಮ ನೇತ್ರಾಗೂ ಅದಽ ಲಿಗಮೆಂಟ್ ಹರದೈತ್ರಿ. ಆಪರೇಷನ್ ಮಾಡಸ್ರಿ ಅಂದ್ರು. ನಿಮ್ಮ ಕಾಲ ನೋಡೀವಲ್ಲ, ಬ್ಯಾಡಂದ್ವಿ. ನೀವು ಹೇಳಿದ್ದು ಚಲೋ ಆತು ನೋಡ್ರಿ."

ಕೈಯಲ್ಲಿದ್ದ ಟೇಪು ಅಲ್ಲೇ ನಿಂತಿತು. ತೋಳಿನ ಅಳತೆ ಬರೆದುಕೊಂಡೆ.

ಎರಡು ತಿಂಗಳ ನಂತರ ತಾಯಿ ಮಗಳಿಬ್ಬರೂ ಬಂದರು. ನೇತ್ರಾ ಬಾಗಿಲ ಚೌಕಟ್ಟು ಹಿಡಿದು ಒಳಗೆ ಬಂದಳು. ಕಾಲೇಜಿನ ಮೆಟ್ಟಿಲಲ್ಲಿ ಎರಡು ಸಲ ಬಿದ್ದಿದ್ದಳಂತೆ.

"ಅಕ್ಕಾರ, ಕಾಲು ತನ್ನಷ್ಟಕ್ಕ ತಾನಽ ಜಾರತೈತ್ರಿ. ನಿಮಗೂ ಮೊದಲ ಹಿಂಗಽ ಆಕ್ಕಿತ್ತೇನ್ರಿ? ಆಮ್ಯಾಲ ನಿಂತಿತೇನ್ರಿ?"

ನಿಂತಿತ್ತು. ಆಪರೇಷನ್ನಿನಿಂದಲೇ ನಿಂತಿತ್ತು. ಅದರ ಮೇಲೆ ನಂಬಿಕೆ ಇಟ್ಟೇ ಹನ್ನೊಂದು ಸುತ್ತು ಸುತ್ತಿದ್ದೆ. ಇಪ್ಪತ್ತು ತುಂಬದ ಆ ಹುಡುಗಿಗೆ ಅದನ್ನು ಹೇಳದೆ, "ನೋಡೋಣ" ಎಂಬ ಅರ್ಥವಿಲ್ಲದ ಮಾತೊಂದನ್ನು ಹೇಳಿ ಕಳಿಸಿದೆ.

ಸಂಜೆ ಚಹಾ ಕುಡಿಯುವಾಗ ಗಂಡನಿಗೆ ಎಲ್ಲ ಹೇಳಿದೆ. ಅವರು ಲೋಟ ಕೆಳಗಿಟ್ಟರು.

"ಹಂಗಾರೆ ಆನು ಡ್ರೈವರಂಗೆ ಬೈದಿದ್ದು?"

ಅದೂ ಸುಳ್ಳೆಂದೆ. ಅವರು ಲೋಟ ತೊಳೆದಿಟ್ಟು ಬಂದು, "ಯಂಗೆ ಹೇಳದೇ ಇದ್ರೂ ಅಡ್ಡಿಲ್ಲೆ ಆಗಿತ್ತು. ಆ ಕೂಸಿಗೆ ಎಂತಕ್ಕೆ ಹೇಳಿದ್ದಿಲ್ಲೆ?" ಎಂದರು. ತಮಗೆ ಹೇಳಿದ ಸುಳ್ಳನ್ನು ಬಿಟ್ಟು ನೇತ್ರಾಳ ಬಗ್ಗೆ ಕೇಳಿದ್ದರು. ಬೈದಿದ್ದರೆ ಹಗುರಾಗುತ್ತಿತ್ತು.

ಮರುದಿನ ದಾಸನಕೊಪ್ಪದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮಾತು ಜೋಡಿಸಿದೆ. ಡಾಕ್ಟರು ಹೇಳಿದ "ಖಚಿತ ಕಾರಣ ಹೇಳುವುದು ಕಷ್ಟ" ಎಂಬುದನ್ನು ಮೊದಲಿಗೆ ಇಡಲೋ ಕೊನೆಗೆ ಇಡಲೋ ಎಂದೂ ಯೋಚಿಸಿದೆ. ಅಷ್ಟು ನಾಚಿಕೆಗೇಡಿ ನಾನು. ಗಿರಿಜಕ್ಕನ ಜಗಲಿಯಲ್ಲಿ ಕೂತಾಗ ಜೋಡಿಸಿದ್ದೆಲ್ಲ ಮರೆತುಹೋಯಿತು. ಐದನೇ ತಿಂಗಳಲ್ಲಿ ಕುಣಿದೆ, ಡಾಕ್ಟರಿಗೆ ಸುಳ್ಳು ಹೇಳಿದೆ, ನಿಮಗೂ ಸುಳ್ಳು ಹೇಳಿದೆ ಎಂದೆ.

ಗಿರಿಜಕ್ಕ ಕೂಗಾಡಲಿಲ್ಲ. "ಅವತ್ತು ನಾ ಬ್ಯಾಡಂದ್ವಿ ಅಂದಾಗ ನಿಮಗ ಗೊತ್ತಿತ್ತಲ್ರಿ? ಗೊತ್ತಿದ್ದೂ ಅಳತಿ ತಗೊಂಡ್ರಿ."

"ಗೊತ್ತಿತ್ತು."

"ಇದನ್ನಽ ಆ ಡಾಕ್ಟರ ಮುಂದ ಹೇಳ್ರಿ. ನಾವೂ ಕೇಳ್ತೀವಿ. ಇನ್ನ ಬರೇ ನಿಮ್ಮ ಮಾತು ನಂಬೂದಿಲ್ಲ."

ಮೂವರೂ ಹುಬ್ಬಳ್ಳಿಗೆ ಹೋದೆವು. ಅದೇ ಕೋಣೆಯಲ್ಲಿ, ಆ ತಾಯಿ ಮಗಳ ಎದುರು ಹೇಳಿದೆ. ಡಾಕ್ಟರು ನನ್ನ ಕಡತ ತೆರೆದು, ಹಳೆಯ ಸಾಲಿನ ಮೇಲೆ ಗೀಟು ಹಾಕಿ, "ಯಾವ ತಿಂಗಳು? ಎಷ್ಟು ಸಲ?" ಎಂದು ಕೇಳಿ ಬರೆದುಕೊಂಡರು. ಒಂದು ಕಟು ಮಾತೂ ಆಡಲಿಲ್ಲ. ಹಾಗೆಯೇ ಹೊಸದಾಗಿ ಮಾಡಿಸಿದ ನೇತ್ರಾಳ ಎಂಆರ್‌ಐ ಚಿತ್ರ ಹಿಡಿದು, ಬಿದ್ದ ಏಟಿಗೆ ಎಲುಬುಗಳ ನಡುವೆ ಮೆತ್ತೆಯಂತಿರುವ ಮೆನಿಸ್ಕಸ್ ಹರಿದಿದೆ, ಕಾರ್ಟಿಲೇಜಿನಲ್ಲೂ ಒಂದು ಕಡೆ ಬದಲಾವಣೆ ಶುರುವಾಗಿದೆ, ಇನ್ನು ತಡ ಮಾಡಬೇಡಿ ಎಂದರು. ಗಿರಿಜಕ್ಕ ನನ್ನತ್ತ ತಿರುಗಲಿಲ್ಲ. ನೇತ್ರಾ ಒಮ್ಮೆ ನೋಡಿದಳು. ನನ್ನ ಕಾರ್ಟಿಲೇಜಿನ ಬಗ್ಗೆ ಖಚಿತವಿಲ್ಲದಿರಬಹುದು, ಅವಳದರಲ್ಲಿ ನನ್ನ ಪಾಲಿದೆ.

ನೇತ್ರಾಳ ಆಪರೇಷನ್ ಆಯಿತು. ನಾನು ಈಗ ದಿನಾ ಮೂರು ಹೊತ್ತು ವ್ಯಾಯಾಮ ಮಾಡುತ್ತೇನೆ. ನೋವು ಕಡಿಮೆಯಾಗಿದೆ, ಹೋಗಿಲ್ಲ. ಮಂಡಿ ಬಿಟ್ಟಿದ್ದೇನೆ. ತಂಡದವರ ಎದುರೂ, ಅಂಗಡಿಗೆ ಬಂದವರ ಎದುರೂ, ನೆನಪಾದಷ್ಟು ಜನರಿಗೆ, ಮೊದಲು ಹೇಳಿದ್ದು ಸುಳ್ಳೆಂದು ಹೇಳಿದ್ದೇನೆ. ಕೆಲವರು ನಕ್ಕರು. ಇಬ್ಬರು ಬರುವುದನ್ನು ಬಿಟ್ಟರು. ಗಿರಿಜಕ್ಕನೂ ಬರಲಿಲ್ಲ.

ಹೋದ ವಾರ ಅವರ ಫೋನ್ ಬಂತು. ಕುಶಲ ಕೇಳಲಿಲ್ಲ. "ಐದು ತಿಂಗಳಾತ್ರಿ. ಕಾಲು ಆರಾಮ ಐತಿ ಅಂತ ನೇತ್ರಾ ಕಬಡ್ಡಿಗೆ ಹೊಂಟಾಳ. ನನ್ನ ಮಾತು ಕೇಳವಲ್ಲಳು. ನೀವಽ ಬರ್ರಿ."

ಅಂಗಡಿ ಮುಚ್ಚಿ ಹೊರಟೆ.

ನೇತ್ರಾ ಅಂಗಳದಲ್ಲಿ ಆಟದ ಬೂಟು ಹಾಕಿಕೊಂಡು ನಿಂತಿದ್ದಳು. ಬುದ್ಧಿ ಹೇಳಲು ನನಗೆ ಬಾಯಿಲ್ಲ. ಜಗಲಿಯ ನೆಲದ ಮೇಲೆ ಕಾಲು ಮಡಚಿ ಕೂತೆ. ಆಮೇಲೆ ಏಳಲು ಹೊರಟೆ. ಒಂದು ಕೈ ನೆಲಕ್ಕೆ, ಒಂದು ಕೈ ಗೋಡೆಗೆ, ಬಲಗಾಲು ನಡುಗುತ್ತ. ಅರ್ಧಕ್ಕೆ ಎದ್ದು ಮತ್ತೆ ಕುಸಿದೆ. ನಲವತ್ತೂ ಆಗದ ನಾನು ಹಾಗೆ ಏಳುವುದನ್ನು ಗಂಡನ ಹೊರತು ಯಾರೂ ನೋಡಿರಲಿಲ್ಲ.

ಅವಳು ಓಡಿ ಬಂದು ತೋಳು ಹಿಡಿಯಲು ಕೈ ಚಾಚಿದಳು.

"ಹಿಡಿಯಬೇಡ, ನೋಡು" ಎಂದೆ.