ಐದು ದಿನ ಕಾಯಿಸಿದ ಕಾಗದ

ತೀರಿಕೊಳ್ಳುವ ಹಿಂದಿನ ದಿನವೂ ನಮ್ಮ ಯಜಮಾನರು ಮಹಡಿ ಹತ್ತಿ, ಗಾಳಿ ಎಳೆಯುವ ಯಂತ್ರದ ದುಂಡು ಕಾಗದವನ್ನು ಚಿಮಟದಿಂದ ಬದಲಿಸಿದರು. ದೂರದಲ್ಲೆಲ್ಲೋ ಅಣುಸ್ಥಾವರ ಕೆಟ್ಟರೆ ಅದರ ಧೂಳು ಗಾಳಿಯಲ್ಲಿ ತೇಲಿಬಂದು ಆ ಕಾಗದಕ್ಕೆ ಅಂಟುತ್ತದೆ. ಇಪ್ಪತ್ತೆರಡು ವರ್ಷ ಅವರದು ಆ ಕಾಗದದ ವಿಕಿರಣ ಎಣಿಸುವ ಕೆಲಸ; ನಮ್ಮ ಮಹಡಿಯೇ ಕಚೇರಿ.

ಆ ವಾರ ಒಂದು ಕಾಗದದ ಅಂಕಿ ಎಂದಿನದಕ್ಕಿಂತ ಮೂರು ಪಟ್ಟು ಏರಿತ್ತು. ಆ ದಿನವೇ ಮಧ್ಯಾಹ್ನ ಅವರ ಮೇಲಿನ ಸಾಹೇಬರು ಓಡಿಬಂದರು.

"ಆತುರಬಿದ್ದು ಎಣಿಸಿದ್ದೀರಿ ಕಣ್ರೀ. ಯಂತ್ರ ಕೆಟ್ಟಿತ್ತು ಅಂತ ಬರೆದುಬಿಡಿ."

ಕಾಗದವನ್ನು ತೆಗೆದ ಕೂಡಲೇ ಎಣಿಸಿದರೆ ನೆಲದಿಂದೇಳುವ ಸಹಜ ವಿಕಿರಣವೂ ಸೇರಿಕೊಳ್ಳುತ್ತದೆ. ಅದು ಇಳಿಯಲೆಂದು ಐದು ದಿನ ಕಾಯಬೇಕು.

"ಐದು ದಿನ ಡಬ್ಬಿಯಲ್ಲಿಟ್ಟಿದ್ದೆ ಸಾರ್, ಇಳೀಲಿಲ್ಲ. ಯಂತ್ರ ನನಗಿಂತ ಗಟ್ಟಿಯಾಗಿದೆ. ಸುಳ್ಳು ಬರೆಯಲ್ಲ," ಎಂದರು ಇವರು.

ಮರುದಿನ ಎದೆ ಹಿಡಿದುಕೊಂಡು ಕುಳಿತವರು ಏಳಲಿಲ್ಲ.

ಹದಿನೈದು ದಿನಕ್ಕೆ ಸಾಹೇಬರು ಮತ್ತೆ ಬಂದರು.

"ದಾಖಲೆ ಪುಸ್ತಕ ಕೊಡಮ್ಮ, ಒಂದು ಸಾಲು ತಿದ್ದಬೇಕು. ಅವರೇ ಇಲ್ಲ, ಇನ್ನು ಯಾರಿಗೇನು?"

"ಉಸಿರಾಡೋರು ಇದ್ದೀವಲ್ಲ ಸಾರ್, ನೀವೂ ಸೇರಿ. ಪುಸ್ತಕ ಕೊಡಲ್ಲ."

"ಇದೆಲ್ಲ ನಿನಗೇನಮ್ಮ ಗೊತ್ತು?"

"ಮೂರನೇ ಕ್ಲಾಸು ಓದಿದ್ದೀನಿ. ಅಂಕಿ ಓದೋಕೆ ಅಷ್ಟು ಸಾಕು."

ಯಂತ್ರ ಹೊತ್ತುಕೊಂಡು ಹೋಗುತ್ತೇನೆಂದು ಗದರಿಸಿ ಹೋದರು. ಇನ್ನೂ ಬಂದಿಲ್ಲ. ಬಂದರೆ ಬಾಗಿಲಲ್ಲೇ ನಾನಿದ್ದೇನೆ.

ಅಳು ಬಂದರೆ ಮೆಟ್ಟಿಲ ಮೇಲೇ ಮುಗಿಸುತ್ತೇನೆ, ಕಾಗದ ಒದ್ದೆಯಾಗಬಾರದು. ಅವರನ್ನು ನೋಡಿ ಕಲಿತಂತೆ ದಿನಾ ಬೆಳಿಗ್ಗೆ ಏಳಕ್ಕೆ ಹೊಸ ಕಾಗದ ಹಾಕಿ, ಹಳೆಯದನ್ನು ಡಬ್ಬಿಯಲ್ಲಿಟ್ಟು, ಐದು ದಿನ ಕಾದದ್ದನ್ನು ಎಣಿಸಿ, ಬಂದ ಅಂಕಿಯನ್ನೇ ಬರೆಯುತ್ತೇನೆ.