ಹನ್ನೊಂದು ಪಾರ್ಸೆಲ್ ಕಳಿಸಿದವರು ಯಾರು?

ಜುಲೈ ಹನ್ನೊಂದು, ಶುಕ್ರವಾರ, ಮಧ್ಯಾಹ್ನ ಎರಡೂವರೆ ಗಂಟೆ. ಕಳೆದ ವರ್ಷದ ಮಾತು. ದಿನಚರಿ ಬರೆಯುವ ಅಭ್ಯಾಸವಿರುವುದರಿಂದ ಇದರಲ್ಲಿ ತಪ್ಪಿಲ್ಲ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ದೆವ್ವ, ಶಕುನ, ಕನಸಿನಲ್ಲಿ ಬಂದ ಸೂಚನೆ, ಇವುಗಳಲ್ಲಿ ನನಗೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ನಾನು ಕೆಲಸ ಮಾಡುವ ಕಾಲೇಜಿನ ಗ್ರಂಥಾಲಯದಲ್ಲಿ ಯಾರಾದರೂ ಅಂಥ ಕಥೆ ಶುರು ಮಾಡಿದರೆ "ಎಷ್ಟು ಗಂಟೆಗೆ? ಜೊತೇಲಿ ಯಾರಿದ್ರು?" ಎಂದು ಕೇಳಿ ಕಥೆಯ ಜೀವ ತೆಗೆಯುತ್ತಿದ್ದೆ. ಈಗ ನನ್ನದೇ ಕಥೆಗೆ ಆ ಎರಡು ಪ್ರಶ್ನೆಗಳ ಉತ್ತರ ನನ್ನ ಹತ್ತಿರ ಇದೆ. ಮುಖ್ಯವಾದ ಮೂರನೆಯದಕ್ಕೆ ಇಲ್ಲ. ಇದನ್ನು ಬರೆಯುವಾಗಲೂ ನನಗೆ ಹೆದರಿಕೆಯಾಗುತ್ತಿಲ್ಲ, ಸಿಟ್ಟು ಬರುತ್ತಿದೆ.

ಅದು ಆಷಾಢದ ಮೂರನೇ ಶುಕ್ರವಾರ. ಅಪ್ಪಾಜಿ, ಅಮ್ಮ ಬೆಳಗ್ಗೆಯೇ ದೇವಿಯ ದರ್ಶನಕ್ಕೆಂದು ಬೆಟ್ಟಕ್ಕೆ ಹೋಗಿದ್ದವರು ಇನ್ನೂ ಕ್ಯೂನಲ್ಲೇ ಇದ್ದರು. ರಾಮಕೃಷ್ಣನಗರದ ನಮ್ಮ ಮನೆಯಲ್ಲಿ ನಾನು ಮತ್ತು ಅಕ್ಕ ರೂಪಾ ಇಬ್ಬರೇ. ಅಕ್ಕನಿಗೆ ಹಿಂದಿನ ನವೆಂಬರ್‌ನಲ್ಲಿ ಮದುವೆಯಾಗಿತ್ತು. ಗಂಡನ ಮನೆ ವಿಜಯನಗರದಲ್ಲಿ. ಮದುವೆಯಾದ ಮೊದಲ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು ಎಂಬ ಪದ್ಧತಿ ಇದೆಯಲ್ಲ, ಹಾಗಾಗಿ ಅವಳು ತವರಿಗೆ ಬಂದಿದ್ದಳು. ಭೀಮನ ಅಮಾವಾಸ್ಯೆಯ ದಿನ ಭಾವ ಮಹೇಶ ಬರುವುದು, ಅಕ್ಕ ಅವರ ಪಾದಪೂಜೆ ಮಾಡುವುದು, ಆಮೇಲೆ ಅವರ ಜೊತೆ ವಾಪಸ್ ಹೋಗುವುದು ಎಂದು ನಿಶ್ಚಯವಾಗಿತ್ತು.

ಚಟ್ನಿ ರುಬ್ಬುವಾಗ ಮಿಕ್ಸಿ ಸುಟ್ಟ ವಾಸನೆ ಬಂದು ನಿಂತುಹೋಯಿತು. ವಾರಂಟಿಗೆ ಬಿಲ್ ಬೇಕು. ಆನ್‌ಲೈನಿನಲ್ಲಿ ತರಿಸಿದ್ದರಿಂದ ಮೊಬೈಲಿನಲ್ಲಿ ಹಳೆಯ ಆರ್ಡರ್‌ಗಳ ಪಟ್ಟಿ ತೆರೆದು, ಮಿಕ್ಸಿ ಕೊಂಡ ಎರಡು ವರ್ಷದ ಹಿಂದಿನ ಪುಟಕ್ಕೆ ನೇರವಾಗಿ ಹೋದೆ. ಬಿಲ್ ಸಿಕ್ಕಿತು. ಆದರೆ ಕೈ ಅಲ್ಲಿಗೇ ನಿಲ್ಲಲಿಲ್ಲ.

ನಮ್ಮ ಮನೆಗೆಲ್ಲ ಒಂದೇ ಅಕೌಂಟ್, ನನ್ನ ಹೆಸರಿನಲ್ಲಿ. ಆರು ವರ್ಷದ ಸಂಸಾರ ಅದರಲ್ಲಿತ್ತು. ನನ್ನ ದಿನಚರಿಯಲ್ಲಿ "ನಾಳೆಯಿಂದ ದಿನಾ ವಾಕಿಂಗ್" ಎಂದು ಏಳು ಸಲ ಬರೆದಿದ್ದೇನೆ. ಪಟ್ಟಿಯಲ್ಲಿ ಶೂ ಒಂದೇ ಜೊತೆ, ಅದೂ ಇನ್ನೂ ಹೊಸದಾಗೇ ಇದೆ. ಅಪ್ಪಾಜಿ ಯಾರಿಗೂ ಹೇಳದೆ ನನ್ನ ಕೈಯಲ್ಲಿ ತರಿಸಿಕೊಂಡ ಮಂಡಿ ಪಟ್ಟಿ. ಅಜ್ಜಿಯ ಕೊನೆಯ ತಿಂಗಳ ಡಯಾಪರ್‌ಗಳು, ಮೂರು ಕಟ್ಟು. ನಾಲ್ಕನೆಯದು ವಾಪಸ್ ಕಳಿಸಿದ್ದು. ಅಜ್ಜಿ ಹೋದದ್ದನ್ನು ನಾನು ದಿನಚರಿಯಲ್ಲಿ ಎರಡು ಪುಟ ಬರೆದಿದ್ದೆ. ಆ "ವಾಪಸ್" ಎಂಬ ಒಂದು ಪದದ ಮುಂದೆ ಅದು ಬರೀ ಮಾತು ಅನ್ನಿಸಿತು.

ಹಾಗೇ ಈಚೆಗೆ ಬಂದೆ. ಡಿಸೆಂಬರ್‌ನಿಂದ ಜೂನ್‌ವರೆಗೆ ನಾನು ಕಾಣದ ಆರ್ಡರ್‌ಗಳಿದ್ದವು. ಎಣಿಸಿದೆ, ಹನ್ನೊಂದು. ಎಲ್ಲವೂ ತಲುಪಿದ್ದು ಅಕ್ಕನ ಹೆಸರಿಗೆ, ಸಿದ್ಧಾರ್ಥನಗರದಲ್ಲಿ ಅವಳು ಕೆಲಸ ಮಾಡುವ ಆಡಿಟರ್ ಆಫೀಸಿನ ವಿಳಾಸಕ್ಕೆ. ಮೊದಲನೆಯದರಲ್ಲಿ ಕಡಲೆಬೀಜದ ಚಿಕ್ಕಿ, ರಸ್ಕ್, ಖರ್ಜೂರ. ಎರಡನೆಯದರಲ್ಲೂ ಅವೇ. ಆಮೇಲೆ ಬಿಸಿನೀರು ಹಾಕಿದರೆ ಆಗುವ ಅವಲಕ್ಕಿ ಡಬ್ಬಿಗಳು, ಒಂದು ಫ್ಲಾಸ್ಕ್, ಒಂದೇ ಒಂದು ತಟ್ಟೆ, ಒಂದೇ ಒಂದು ಚಮಚ. ಮಾರ್ಚಿನಲ್ಲಿ ಒಂದು ಪುಟ್ಟ ಬೀಗ. ಮೇನಲ್ಲಿ ಎರಡು ರೆಡಿಮೇಡ್ ರವಿಕೆ, ಅಳತೆ ಮೂವತ್ತೆರಡು. ಮದುವೆಗೆ ಅಕ್ಕನ ರವಿಕೆಗಳನ್ನು ನಾನೇ ಹೊಲಿಸಿ ತಂದಿದ್ದೆ. ಅಳತೆ ಮೂವತ್ತಾರು.

ನಾನು ಪಟ್ಟಿಯಿಂದ ತಲೆಯೆತ್ತಿ ಅಕ್ಕನ ಕಡೆ ನೋಡಿದೆ. ಅವಳು ಅಡುಗೆಮನೆಯಲ್ಲಿ ನಿಂತೇ ಅನ್ನ ಸಾರು ಉಣ್ಣುತ್ತಿದ್ದಳು. ಬಂದು ಎರಡು ವಾರವಾಗಿತ್ತು, ದಿನಾ ಹೀಗೇ ನಿಂತು ಬೇಗಬೇಗ ಉಣ್ಣುತ್ತಿದ್ದಳು. ಎರಡನೇ ಸಲ ಅನ್ನದ ಪಾತ್ರೆ ಮುಟ್ಟುವ ಮುಂಚೆ "ಅಮ್ಮ, ಇನ್ನೊಂಚೂರು ಹಾಕ್ಕೊಳ್ಲಾ?" ಎಂದು ಕೇಳುತ್ತಿದ್ದಳು, ಅವಳು ಹುಟ್ಟಿ ಬೆಳೆದ ಮನೆಯಲ್ಲಿ. ಗಂಡನ ಮನೆಯವರು ಎಷ್ಟು ನಯ ಕಲಿಸಿದ್ದಾರೆ ಎಂದು ಅಮ್ಮ ಪಕ್ಕದ ಮನೆಯವರ ಹತ್ತಿರ ಹೊಗಳಿಕೊಂಡಿದ್ದಳು.

"ಅಕ್ಕ, ನಿಂಗೆ ಅಲ್ಲಿ ಊಟ ಹಾಕಲ್ವಾ?" ಎಂದೆ. ಬೇರೆ ರೀತಿ ಕೇಳಲು ನನಗೆ ತೋಚಲಿಲ್ಲ.

ಅವಳು ತಟ್ಟೆ ಕೆಳಗಿಟ್ಟು ಅಲ್ಲೇ ಕೂತಳು. ಹೇಳುವುದಕ್ಕೆ ಹತ್ತು ನಿಮಿಷವೂ ಹಿಡಿಯಲಿಲ್ಲ. ಅವಳ ಮದುವೆಯ ದಿನ ಮೂರನೇ ಪಂಕ್ತಿಗೆ ಅನ್ನ ಸಾಲದೆ, ಗಂಡಿನ ಕಡೆಯವರು ಖಾಲಿ ಎಲೆಯ ಮುಂದೆ ಮುಕ್ಕಾಲು ಗಂಟೆ ಕೂತಿದ್ದರು. ಅಪ್ಪಾಜಿ ಕೈಮುಗಿದು ಕ್ಷಮೆ ಕೇಳಿದ್ದರು, ಅಲ್ಲಿಗೆ ಮುಗಿಯಿತೆಂದು ನಾವು ಅಂದುಕೊಂಡಿದ್ದೆವು. ಮುಗಿದಿರಲಿಲ್ಲ. ಡಿಸೆಂಬರ್‌ನ ಒಂದು ರಾತ್ರಿ ಅತ್ತೆ ಅಡುಗೆಮನೆಗೆ ಬೀಗ ಹಾಕಿ, "ಎಲೆ ಮುಂದೆ ಕೂತು ಕಾಯೋದು ಎಂಗಿರತ್ತೆ ಅಂತ ನಿಂಗೂ ಗೊತ್ತಾಗ್ಲಿ ಕಣಮ್ಮ" ಎಂದರಂತೆ. ಅಲ್ಲಿಂದ ಆಚೆಗೆ ಅಕ್ಕನದು ಕೊನೆಯ ಊಟ, ಉಳಿದಿದ್ದರೆ. ಬೆಳಗ್ಗೆ ಡಬ್ಬಿಗೆ ಎರಡು ಚಪಾತಿ. ಸಂಬಳದ ಕಾರ್ಡು ಭಾವನ ಪರ್ಸಿನಲ್ಲಿ. ಫೋನು ಮಾಡಿದರೆ ಸ್ಪೀಕರ್ ಹಾಕಿ ಮಾತಾಡಬೇಕು, ಆಫೀಸಿನಿಂದ ಮಾಡಿದ್ದನ್ನೂ ಭಾವ ಸಂಜೆ ಫೋನು ತೆರೆದು ನೋಡುತ್ತಿದ್ದರು.

ಭಾವನ ಇದೇ ಮನೆಯಿಂದ ಪ್ರತಿ ತಿಂಗಳು ಮಠದ ದಾಸೋಹಕ್ಕೆ ಅಕ್ಕಿ ಮೂಟೆ ಹೋಗುತ್ತದೆ. ಅದನ್ನು ನಮಗೆ ಹೆಣ್ಣು ನೋಡಲು ಬಂದ ದಿನವೇ ಹೇಳಿದ್ದರು. ಊರಿಗೆ ಅನ್ನ ಹಾಕುವ ಕೈ ಎಂದು ನಮ್ಮ ಅಪ್ಪಾಜಿ ಕಣ್ಣಿಗೆ ಒತ್ತಿಕೊಂಡಿದ್ದರು. ಈಗಲೂ ಆ ಮನೆಯ ಬಗ್ಗೆ ಬರೆಯುವಾಗ ಪೆನ್ನು ಕಾಗದ ಹರಿಯುವಷ್ಟು ಒತ್ತಿಬಿಡುತ್ತೇನೆ.

"ಹೋಗ್ಲಿ, ನನ್ನ ಅಕೌಂಟಿಂದ ತರಿಸ್ಕೊಂಡು ತಿಂದ್ಯಲ್ಲ, ಅಷ್ಟಾದ್ರೂ ಬುದ್ಧಿ ಬಂತಲ್ಲ ನಿಂಗೆ," ಎಂದೆ.

ಅಕ್ಕ ನನ್ನನ್ನೇ ನೋಡಿದಳು. "ನಾನೆಲ್ಲೇ ತರಿಸ್ಕೊಂಡೆ? ನೀನು ತಾನೆ ಕಳಿಸ್ತಿದ್ದಿದ್ದು?"

"ನಾನಾ?"

"ತಮಾಷೆ ಮಾಡ್ಬೇಡ ಕಣೇ. ಕಳಿಸಿದವರು ಅಂತ ನಿನ್ನ ಹೆಸರೇ ಇರ್ತಿತ್ತು ಡಬ್ಬಿ ಮೇಲೆ. ಯಾರಿಗೂ ಹೇಳ್ದೆ ನಿಂಗೆ ಎಂಗೆ ಗೊತ್ತಾಯ್ತೋ ಅಂತ ದಿನಾ ಅತ್ಬುಡ್ತಿದ್ದೆ. ಫೋನಲ್ಲಿ ಥ್ಯಾಂಕ್ಸ್ ಹೇಳೋ ಹಾಗೂ ಇರ್ಲಿಲ್ಲ. ಇಲ್ಲಿಗೆ ಬಂದ್ಮೇಲೂ ಅಮ್ಮನ ಮುಂದೆ ಬಾಯಿ ಬಿಡೋಕಾಗ್ಲಿಲ್ಲ."

ನನಗೆ ಗೊತ್ತಿರಲಿಲ್ಲ. ನಾನು ಒಂದನ್ನೂ ಕಳಿಸಿರಲಿಲ್ಲ.

ಅಕ್ಕನಿಗೆ ಅದು ಅರ್ಥವಾದ ಮೇಲೆ ನಾವಿಬ್ಬರೂ ಅಡುಗೆಮನೆಯ ನೆಲದ ಮೇಲೆ ಕೂತು ಒಂದೊಂದೇ ತಾಳೆ ನೋಡಿದೆವು. ಮೊದಲ ಆರ್ಡರ್ ಆಗಿದ್ದು ಅಡುಗೆಮನೆಗೆ ಬೀಗ ಬಿದ್ದ ಮಾರನೆಯ ದಿನ. ಮಾರ್ಚಿನಲ್ಲಿ ಆಫೀಸಿನ ಇನ್ನೊಬ್ಬಳು ಅಕ್ಕನ ಮೇಜಿನ ಡ್ರಾಯರ್ ತೆಗೆದು, "ಏನ್ರೀ ಇದು, ಕಿರಾಣಿ ಅಂಗಡಿ ಇಟ್ಟಿದ್ದೀರಾ?" ಎಂದು ಎಲ್ಲರಿಗೂ ತೋರಿಸಿ ನಕ್ಕಿದ್ದಳು. ಎರಡು ದಿನಕ್ಕೆ ಬೀಗ ಬಂದಿತ್ತು. ರವಿಕೆ ಬಂದಾಗ ಅಕ್ಕನಿಗೇ ತನ್ನ ಅಳತೆ ಗೊತ್ತಿರಲಿಲ್ಲವಂತೆ. ಹಾಕಿಕೊಂಡಳು, ಸರಿಯಾಯಿತು.

ನಾನು ಆ ಅಕೌಂಟಿನ ಪಾಸ್‌ವರ್ಡನ್ನು ನವೆಂಬರ್‌ನಲ್ಲೇ ಬದಲಿಸಿದ್ದೆ. ಅಕ್ಕನ ಹೊಸ ಫೋನಿನಲ್ಲಿ ಆ ಆ್ಯಪೇ ಇಲ್ಲ. ಅಪ್ಪಾಜಿ, ಅಮ್ಮನಿಗೆ ಅದು ತೆರೆಯಲು ಬರುವುದಿಲ್ಲ. ನನಗೆ ಮೆಸೇಜ್ ಬಂದಿಲ್ಲ, ನನ್ನ ಬ್ಯಾಂಕಿನಿಂದ ಒಂದು ರೂಪಾಯಿ ಹೋಗಿಲ್ಲ. ಕಸ್ಟಮರ್ ಕೇರ್‌ಗೆ ಫೋನು ಮಾಡಿದೆ. ಒಬ್ಬ ಹುಡುಗಿ ನಿಧಾನವಾಗಿ ನೋಡಿ ಹೇಳಿದಳು: "ಎಲ್ಲಾ ನಿಮ್ಮ ಮೊಬೈಲಿಂದಾನೇ ಆಗಿದೆ ಮೇಡಂ. ಹಣ ಗಿಫ್ಟ್ ಕಾರ್ಡಿಂದ ಕಟ್ಟಿದ್ದಾರೆ. ಕಾರ್ಡ್ ಯಾರು ತಗೊಂಡ್ರು ಅಂತ ನಮಗೆ ಕಾಣ್ಸಲ್ಲ." ನಿದ್ದೆಗಣ್ಣಿನಲ್ಲಿ ನಾನೇ ಮಾಡಿರಬಹುದೇ ಎಂದೂ ಯೋಚಿಸಿದೆ. ಆದರೆ ಗೊತ್ತೇ ಇಲ್ಲದ್ದನ್ನು ನಿದ್ದೆಯಲ್ಲಿ ಹೇಗೆ ಮಾಡಲಿ? ಭಾವ ಗುಟ್ಟಾಗಿ ಕಳಿಸಿರಬಹುದೇ ಎಂದರೆ ಅಕ್ಕ ನಕ್ಕುಬಿಟ್ಟಳು. "ಅವ್ರಿಗೆ ಅವ್ರ ಅಂಗಿ ಸೈಜೇ ಗೊತ್ತಿಲ್ಲ ಬುಡು."

ಸಂಜೆ ಬೆಟ್ಟದಿಂದ ಬಂದ ಅಮ್ಮ ಎಲ್ಲ ಕೇಳಿ, ಅತ್ತು, ಕೊನೆಗೆ "ಅಜ್ಜಿ ಕಣೇ ಕಳಿಸಿರೋದು" ಎಂದಳು. ನನಗೆ ಮೈಯುರಿಯಿತು. ನಮ್ಮ ಅಜ್ಜಿಯಾಗಿದ್ದರೆ ಚಿಕ್ಕಿ ಕಳಿಸುತ್ತಿರಲಿಲ್ಲ. ನೆಟ್ಟಗೆ ವಿಜಯನಗರಕ್ಕೆ ಹೋಗಿ ಆ ಬೀಗ ಮುರಿಯುತ್ತಿದ್ದಳು. ಅಪ್ಪಾಜಿ ಮಾತ್ರ "ಅಮಾವಾಸ್ಯೆಗೆ ಬರ್ತಾರಲ್ಲ, ಮಾತಾಡಾಣ" ಎಂದು ಕೋಣೆಗೆ ಹೋದರು. ಖಾಲಿ ಎಲೆಯ ಅವಮಾನ ಅವರ ಬಾಯಿಯನ್ನೇ ಕಟ್ಟಿಹಾಕಿತ್ತು.

ಅಮಾವಾಸ್ಯೆಯ ದಿನ ಭಾವ ಕಾರಿನಲ್ಲಿ ಬಂದರು. ಪಂಚಾಯಿತಿಗೆಂದು ದೊಡ್ಡಪ್ಪನೂ ಬಂದಿದ್ದರು. ಪಾದಪೂಜೆಯ ಮಣೆ, ತಟ್ಟೆ ನಡುಮನೆಯಲ್ಲಿ ಸಿದ್ಧವಾಗಿದ್ದವು. ಅಕ್ಕ ಬಾಗಿಲ ಹತ್ತಿರ ನಿಂತಿದ್ದಳು, ಬಟ್ಟೆಯ ಸೂಟ್‌ಕೇಸ್ ಅವಳ ಹಿಂದೆ. ಯಾರು ಹೇಳಿ ತುಂಬಿಸಿದ್ದರೋ ನನಗೆ ಗೊತ್ತಿಲ್ಲ.

ನಾನು ಮೊಬೈಲು ಟೀಪಾಯಿಯ ಮೇಲಿಟ್ಟು ಪಟ್ಟಿ ತೋರಿಸಿದೆ. ಭಾವ ನೋಡಿ ನಕ್ಕರು. "ಅಕೌಂಟ್ ನಿಮ್ದೇ, ಫೋನ್ ನಿಮ್ದೇ. ಅಕ್ಕ ತಂಗಿ ಸೇರ್ಕೊಂಡು ಒಳ್ಳೇ ನಾಟ್ಕ ಕಟ್ಟಿದ್ದೀರ ಕಣ್ರೀ."

"ನೀನೇ ಮಾಡಿದ್ಯೇನಮ್ಮ?" ಎಂದು ದೊಡ್ಡಪ್ಪ ಕೇಳಿದರು.

ಹೌದು ಎಂದುಬಿಟ್ಟಿದ್ದರೆ ಮಾತು ಸುಲಭವಾಗುತ್ತಿತ್ತು. "ಇಲ್ಲ ದೊಡ್ಡಪ್ಪ," ಎಂದೆ.

"ಮತ್ತೆ ದೆವ್ವ ಮಾಡ್ತಾ?" ಭಾವ ಇನ್ನೂ ಜೋರಾಗಿ ನಕ್ಕರು. ದೊಡ್ಡಪ್ಪನೂ ಮೀಸೆಯಡಿಯಲ್ಲಿ ನಕ್ಕು, "ಊಟದ ವಿಷ್ಯಕ್ಕೆ ಯಾರಾದ್ರೂ ಸಂಸಾರ ಬುಡ್ತಾರಾ? ನಾನು ಬಂದು ಬೀಗ್ತಿಗೆ ಒಂದ್ಮಾತು ಹೇಳ್ತೀನಿ. ಪೂಜೆ ಮುಗಿಸಿ ಕಳಿಸ್ಕೊಡಪ್ಪ," ಎಂದು ಅಪ್ಪಾಜಿಗೆ ಹೇಳಿದರು. ಅಪ್ಪಾಜಿ ತಲೆ ತಗ್ಗಿಸಿದರು. ತಗ್ಗಿದ ಆ ತಲೆ ಒಪ್ಪಿಗೆಯೇ ಎಂದು ನನಗೆ ಗೊತ್ತಾಯಿತು. ಅಕ್ಕನಿಗೂ. ಅವಳು ಬಗ್ಗಿ ಪೂಜೆಯ ತಟ್ಟೆ ಎತ್ತಿಕೊಂಡಳು.

ಆಗ ಟೀಪಾಯಿಯ ಮೇಲಿದ್ದ ನನ್ನ ಫೋನು ಸದ್ದು ಮಾಡಿತು. ಬೆಳಗ್ಗೆ ಹತ್ತೂ ಇಪ್ಪತ್ತು. ಅದರ ಸುತ್ತ ಆರು ಜನ ಇದ್ದೆವು. ಯಾರ ಕೈಯೂ ಅದರ ಮೇಲೆ ಇರಲಿಲ್ಲ. ಎಲ್ಲರಿಗಿಂತ ಹತ್ತಿರ ಕೂತಿದ್ದವರು ಅಪ್ಪಾಜಿ. ಕನ್ನಡಕ ಸರಿಮಾಡಿಕೊಂಡು ಅವರೇ ಗಟ್ಟಿಯಾಗಿ ಓದಿದರು: ನಿಮ್ಮ ಆರ್ಡರ್ ಸ್ವೀಕರಿಸಲಾಗಿದೆ. ಕಡಲೆಬೀಜದ ಚಿಕ್ಕಿ, ರಸ್ಕ್, ಖರ್ಜೂರ. ತಲುಪಬೇಕಾದ್ದು ರೂಪಾಳಿಗೆ, ಸಿದ್ಧಾರ್ಥನಗರದ ಆಫೀಸಿಗೆ, ಸೋಮವಾರ.

ಭಾವನ ನಗು ನಿಂತಿತ್ತು. ನನಗಾದದ್ದು ಭಯವಲ್ಲ ಎಂದು ಇನ್ನೊಮ್ಮೆ ಹೇಳುತ್ತೇನೆ. ಕಳಿಸುವವರು ಯಾರೇ ಆಗಿರಲಿ, ಅವರಿಗೆ ನಮ್ಮ ಮೇಲೆ ಒಂದಿಷ್ಟೂ ನಂಬಿಕೆ ಇರಲಿಲ್ಲ. ನಾವು ಇವಳನ್ನು ವಾಪಸ್ ಕಳಿಸಿಯೇ ಕಳಿಸುತ್ತೇವೆ, ಸೋಮವಾರ ಇವಳು ಮತ್ತೆ ಹಸಿದಿರುತ್ತಾಳೆ ಎಂದು ಅವರು ಆಗಲೇ ತೀರ್ಮಾನಿಸಿಬಿಟ್ಟಿದ್ದರು.

ಅಪ್ಪಾಜಿಗೂ ಅದೇ ತಟ್ಟಿರಬೇಕು. ಎದ್ದು ನಿಂತರು. ಆ ಮನೆಯವರ ಮುಂದೆ ಅವರು ಬೆನ್ನು ನೆಟ್ಟಗೆ ಮಾಡಿ ನಿಂತದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. "ನನ್ನ ಮಗಳು ಬರಲ್ಲ ಕಣ್ರಪ್ಪ. ನಾನು ಒಂದು ಪಂಕ್ತಿ ಕಾಯಿಸಿದ್ದಕ್ಕೆ ನೀವು ಏಳು ತಿಂಗ್ಳು ಕಾಯಿಸಿದ್ದೀರ. ಲೆಕ್ಕ ಚುಕ್ತಾ ಆಯ್ತು. ಹೊರಡಿ."

ದೊಡ್ಡಪ್ಪ ಏನೋ ಹೇಳಲು ಹೋದರು. ಅಮ್ಮ ಅಕ್ಕನ ಕೈಯಿಂದ ತಟ್ಟೆ ಇಸಿದುಕೊಂಡು, ಮಣೆಯನ್ನೂ ಎತ್ತಿಕೊಂಡು ಒಳಗೆ ಹೋಗಿಬಿಟ್ಟಳು. ನಾನು ಫೋನು ತೆಗೆದುಕೊಂಡು ಆರ್ಡರ್ ರದ್ದು ಮಾಡಿದೆ. ಕಾರಣ ಆರಿಸಿ ಎಂದಿತು. "ಇನ್ನು ಅಗತ್ಯವಿಲ್ಲ" ಎಂಬುದನ್ನು ಒತ್ತಿದೆ.

ಆಮೇಲೆ ಅಂಥ ಆರ್ಡರ್ ಮತ್ತೆ ಆಗಿಲ್ಲ. ಅಕ್ಕ ನಮ್ಮಲ್ಲೇ ಇದ್ದಾಳೆ, ಕೆಲಸಕ್ಕೆ ಹೋಗುತ್ತಾಳೆ, ಕೋರ್ಟಿಗೂ ಹೋಗುತ್ತಾಳೆ. ಕಂಪ್ಯೂಟರ್ ಬಲ್ಲ ಸ್ನೇಹಿತರು ಮೂವರು ನನ್ನ ಫೋನು ನೋಡಿದ್ದಾರೆ. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಹೊಂದುವುದಿಲ್ಲ. ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಓದುಗರಲ್ಲಿ ಯಾರಿಗಾದರೂ ಇಂಥದ್ದು ಆಗಿದ್ದರೆ, ಅಥವಾ ಇದು ಹೇಗಾಗುತ್ತದೆ ಎಂದು ಗೊತ್ತಿದ್ದರೆ, ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ಕಳಿಸಿದವರು ನೀವೇ ಆಗಿದ್ದರೂ ಬರೆಯಿರಿ. ನನ್ನ ಅಕ್ಕನ ಜೀವ ಹಿಡಿದಿಟ್ಟಿದ್ದಕ್ಕೆ ನಿಮ್ಮ ಕಾಲಿಗೆ ಬೀಳುತ್ತೇನೆ. ಬಿದ್ದು ಎದ್ದ ಮೇಲೆ ಒಂದು ಪ್ರಶ್ನೆ ಕೇಳುತ್ತೇನೆ, ಉತ್ತರ ಕೊಡಲೇಬೇಕು. ಅಡುಗೆಮನೆಗೆ ಬೀಗ ಬಿದ್ದದ್ದು ನಿಮಗೆ ಗೊತ್ತಿತ್ತು. ನನ್ನ ಫೋನು ನಿಮ್ಮ ಕೈಯಲ್ಲಿತ್ತು. ಹನ್ನೊಂದು ಸಲ ಅವಳಿಗೆ ತಿಂಡಿ ಕಳಿಸಿದಿರಲ್ಲ, ನನಗೆ ಒಂದೇ ಒಂದು ಸಾಲು ಯಾಕೆ ಕಳಿಸಲಿಲ್ಲ?