ಆ ದಿನ ಅವ್ವನ ಪಾಳಿ ಇತ್ತು

೧೯೮೭ರ ಸಂಕ್ರಮಣ ಕಳೆದ ಮೇಲೆ ನಾನು ಚೊಚ್ಚಲ ಹೆರಿಗೆಗೆಂದು ನಿಪ್ಪಾಣಿಯಿಂದ ತವರಿಗೆ ಬಂದಿದ್ದೆ. ತವರು ಕಾಗವಾಡದ ಹತ್ತಿರದ ಒಂದು ಊರು. ಆಗ ಅದು ಅಥಣಿ ತಾಲೂಕಿಗೆ ಸೇರಿತ್ತು. ಅಪ್ಪ ನಾನು ಸಣ್ಣವಳಿದ್ದಾಗಲೇ ತೀರಿಕೊಂಡಿದ್ದ. ಮನೆಯಲ್ಲಿ ಇದ್ದವಳು ಅವ್ವ ಒಬ್ಬಳೇ.

ಅಪ್ಪ ಹೋದ ಮೇಲೆ ಹೊಲದ ಕೆಲಸವೆಲ್ಲ ಅವ್ವನ ತಲೆಯ ಮೇಲೆ ಬಿದ್ದಿತ್ತು. ನನ್ನ ಹೆರಳು ಹಾಕುವಾಗಲೂ ಅವಳ ಕಣ್ಣು ಬಾಗಿಲ ಕಡೆಗೇ ಇರುತ್ತಿತ್ತು, ಹೊಲಕ್ಕೆ ಹೊತ್ತಾಯಿತೆಂದು. ಬಸುರಿಯಾದಾಗ ನಾನು ಒಂದೇ ಆಸೆ ಇಟ್ಟುಕೊಂಡು ಬಂದಿದ್ದೆ. ಈ ಸಲವಾದರೂ ಅವ್ವ ಪೂರಾ ನನ್ನವಳಾಗಿರುತ್ತಾಳೆ. ಎಣ್ಣೆ ಹಚ್ಚುತ್ತಾಳೆ, ಎರೆಯುತ್ತಾಳೆ, ಅಂಟಿನ ಉಂಡೆ ಕಟ್ಟುತ್ತಾಳೆ, ನನ್ನ ಕೂಡ ಕೂತು ಮಾತಾಡುತ್ತಾಳೆ.

ಆದರೆ ನಾನು ಬರುವ ಹೊತ್ತಿಗೆ ಅವ್ವ ದವಾಖಾನೆಯವಳಾಗಿ ಬಿಟ್ಟಿದ್ದಳು.

ಊರವರೇ ಕೂಡಿ ಕಟ್ಟಿಸಿದ ಸಣ್ಣ ದವಾಖಾನೆ ಅದು. ಒಬ್ಬ ಡಾಕ್ಟರ್‌ಬಾಯಿ, ಒಬ್ಬ ಸಿಸ್ಟರ್. ಉಳಿದ ಕೆಲಸಕ್ಕೆ ಸಂಬಳದ ಮಂದಿ ಇರಲಿಲ್ಲ. ಬಿಸಿನೀರು ಕಾಯಿಸುವುದು, ಗಂಜಿ ಮಾಡುವುದು, ಬಟ್ಟೆ ಒಗೆಯುವುದು, ನೋವು ತಿನ್ನುವವರ ಬೆನ್ನು ತಿಕ್ಕುವುದು, ಎಲ್ಲವನ್ನೂ ಊರ ಹೆಣ್ಣುಮಕ್ಕಳು ಪಾಳಿಯ ಮೇಲೆ ಮಾಡುತ್ತಿದ್ದರು. ದಿನಕ್ಕೆ ಇಬ್ಬರು. ಬೆಳಗ್ಗೆ ಬಸದಿಗೆ ಹೋಗಿ ಬಂದವರು ದವಾಖಾನೆಗೆ ಹೊಕ್ಕರೆ ಸಂಜೆ ಆರರವರೆಗೆ ಅಲ್ಲೇ. ಈ ಪಾಳಿಗಳನ್ನು ಹಚ್ಚಿಕೊಟ್ಟವರು ತಾರಾ ಕಾಕಿ. ಕಚ್ಚೆ ಸೀರೆಯ, ದೊಡ್ಡ ದನಿಯ, ಊರಲ್ಲಿ ಎಷ್ಟೋ ಬಾಣಂತಿಯರ ಕೈ ಹಿಡಿದ ಹಿರಿಯ ಹೆಂಗಸು.

ಅವರದೊಂದು ಕಟ್ಟುನಿಟ್ಟಿನ ಪದ್ಧತಿ ಇತ್ತು. ಪಾಳಿಯ ದಿನ ತಮ್ಮವರ ಕಾಟಿನ ಹತ್ತಿರ ಹೋಗುವಂತಿಲ್ಲ. ನಮ್ಮವರು ಯಾರಾದರೂ ಮಲಗಿದ್ದರೆ ಅವರನ್ನು ಜೋಡಿಯವಳು ನೋಡಬೇಕು, ನಾವು ಉಳಿದವರನ್ನು ನೋಡಬೇಕು. ಮೊದಮೊದಲು ಪ್ರತಿಯೊಬ್ಬಳೂ ಬಿಸಿನೀರಿನ ಬಕೆಟ್ಟು ಹಿಡಿದು ಸೀದಾ ತನ್ನ ನಾದಿನಿ, ತನ್ನ ಅಕ್ಕನ ಮಗಳ ಕಾಟಿಗೆ ಹೋಗುತ್ತಿದ್ದಳಂತೆ. ಯಾರೂ ಇಲ್ಲದವರು ನೋಡುತ್ತ ಮಲಗಿರುತ್ತಿದ್ದರಂತೆ. ಅದಕ್ಕೇ ಈ ಪದ್ಧತಿ.

ಆ ದಿನಗಳಲ್ಲಿ ವಾರ್ಡಿನಲ್ಲಿ ಅಂಜನಾ ಎಂಬವಳಿದ್ದಳು. ಮಹಾರಾಷ್ಟ್ರದ ಬೀಡದ ಕಡೆಯಿಂದ ಕಬ್ಬು ಕಡಿಯಲು ಬಂದ ಕೂಲಿಗಳ ಟೋಳಿಯವಳು. ಅವಳೂ ಚೊಚ್ಚಲ ಬಸುರಿ. ಕಾಲು, ಮುಖ ಬಾತಿದ್ದವೆಂದು ಡಾಕ್ಟರ್‌ಬಾಯಿ ಇಟ್ಟುಕೊಂಡಿದ್ದರು. ಗಂಡ ಕಬ್ಬು ಕಡಿಯುವ ಫಡದಲ್ಲಿ. ಕನ್ನಡ ಒಂದಕ್ಷರ ಬರುತ್ತಿರಲಿಲ್ಲ. ಅವ್ವನಿಗೆ ಮರಾಠಿ ಕನ್ನಡದಷ್ಟೇ ಸಲೀಸು. ಹೀಗಾಗಿ ಪಾಳಿ ಇಲ್ಲದ ದಿನವೂ ಅವ್ವ ಅವಳನ್ನು ನೋಡಲು ಹೋಗುತ್ತಿದ್ದಳು. ಮನೆಗೆ ಬಂದರೆ ಅವಳದೇ ಮಾತು.

"ಇವತ್ತ ಎರಡ ತುತ್ತ ಜಾಸ್ತಿ ಉಂಡ್ಳು ನೋಡ. ಪಾಪ, ನಿನ್ನ ವಾರಗಿದಾಕಿ."

"ನಾ ಉಂಡೇನೋ ಇಲ್ಲೋ, ಅದನ್ನ ಕೇಳವಾ," ಎಂದೆ ಒಮ್ಮೆ.

"ನೀ ಉಣ್ಣಾಕ ಬಿಡ್ತಿಯೇನ? ತಾಟ ನೆಕ್ಕೂ ಪೈಕಿ," ಎಂದು ನಕ್ಕಳು.

ನಾನು ನಗಲಿಲ್ಲ. ಮರುದಿನ ತಪಾಸಣೆಗೆಂದು ದವಾಖಾನೆಗೆ ಹೋದಾಗ ಕಂಡದ್ದು ಇನ್ನೂ ಕಣ್ಣ ಮುಂದಿದೆ. ಅವ್ವ ಕಾಟಿನ ಮೇಲೆ ಕೂತು ಅಂಜನಾಳ ತಲೆ ಬಾಚುತ್ತಿದ್ದಳು. ಕೂದಲನ್ನು ಮೂರು ಪಾಲು ಮಾಡಿ, ಸಿಕ್ಕು ಬಿಡಿಸಿ, ಸಾವಕಾಶ. ಬಾಗಿಲ ಕಡೆ ನೋಡುತ್ತಲೇ ಇರಲಿಲ್ಲ. ನಾನು ಬಾಗಿಲಲ್ಲಿ ನಿಂತದ್ದು ಅವಳಿಗೆ ಗೊತ್ತೂ ಆಗಲಿಲ್ಲ. ಅಂಜನಾ ಕಣ್ಣು ಮುಚ್ಚಿ ಹಿಂದಕ್ಕೆ ಒರಗಿದ್ದಳು. ಆ ಕ್ಷಣ ನನ್ನ ಹೊಟ್ಟೆಯಲ್ಲಿ ಎದ್ದ ಉರಿಯನ್ನು ಏನೆಂದು ಹೇಳಲಿ. ದಿಕ್ಕಿಲ್ಲದ ಬಡ ಹೆಣ್ಣುಮಗಳ ಮೇಲೆ ಹೊಟ್ಟೆಕಿಚ್ಚು ಪಡಬಾರದು ಎಂಬುದು ನನಗೂ ತಿಳಿಯುತ್ತಿತ್ತು. ತಿಳಿದರೆ ಆರುವ ಉರಿ ಅಲ್ಲ ಅದು.

ನನ್ನ ದಿನಗಳು ತುಂಬಲು ಇನ್ನೂ ಸಮಯವಿತ್ತು. ಅದಕ್ಕೇ ಅವ್ವ ಆ ಗುರುವಾರ ತನ್ನ ಪಾಳಿ ಬಿಡದೆ ಹೋಗಿದ್ದಳು. ಮಧ್ಯಾಹ್ನ ಊಟ ಮಾಡಿ ತಾಟು ತೆಗೆಯುವಾಗ ನನ್ನ ಸೀರೆ ಒದ್ದೆಯಾಯಿತು. ಪಕ್ಕದ ಮನೆಯ ವೈನಿ ನೋಡಿ, "ನೀರ ಹೋಗ್ಯಾವು," ಎಂದವಳೇ ಚಕ್ಕಡಿ ಕಟ್ಟಿಸಿದಳು. ದವಾಖಾನೆ ಮುಟ್ಟುವಷ್ಟರಲ್ಲಿ ನೋವು ಸುರುವಾಗಿತ್ತು.

ವಾರ್ಡಿನಲ್ಲಿ ಅವ್ವ ಅಂಜನಾಳ ಬೆನ್ನು ತಿಕ್ಕುತ್ತಿದ್ದಳು. ಅವಳಿಗೂ ಆ ದಿನವೇ ನೋವು ಬಂದಿತ್ತು. ನನ್ನನ್ನು ಕಂಡು ಅವ್ವ ದಡಕ್ಕನೆ ಎದ್ದು ಒಂದು ಹೆಜ್ಜೆ ಇಟ್ಟಳು. ಅಲ್ಲೇ ನಿಂತಳು. ಆಮೇಲೆ ತಾರಾ ಕಾಕಿಯ ಕಡೆ ನೋಡಿದಳು. ಆ ದಿನ ಜೋಡಿ ಪಾಳಿ ಅವರದೇ.

ಕಾಕಿ ಸೆರಗು ಸಿಕ್ಕಿಸಿಕೊಂಡು ಬಂದು ನನ್ನ ರಟ್ಟೆ ಹಿಡಿದರು. "ಏನವಾ ನಿಪ್ಪಾಣಿ, ಇಷ್ಟ ಗಡಬಡಿ? ಒಳಗಿನ ಕೂಸಿಗೆ ಬಸ್ ತಪ್ಪತೈತೇನ?"

"ನಮ್ಮವ್ವನ್ನ ಕರೀರಿ ಕಾಕಿ."

"ಇವತ್ತ ಆಕಿ ನಿಮ್ಮವ್ವ ಅಲ್ಲ. ಆರ ಬಡದ ಮ್ಯಾಲ ನಿಮ್ಮವ್ವ. ಅಲ್ಲೀಮಟ ನಾನ ನಿನ್ನ ಅವ್ವ, ನಾನ ನಿನ್ನ ಅತ್ತಿ. ಮಲಕೋ."

ನಡುವೆ ಒಂದು ಖಾಲಿ ಕಾಟು. ಅದರಾಚೆ ಅವಳು, ಈಚೆ ನಾನು. ಅಂಜನಾ ನೋವು ಬಂದಾಗಲೆಲ್ಲ "ಆಯಿ ಗ" ಎನ್ನುತ್ತಿದ್ದಳು, ಅಂದರೆ ಅವ್ವಾ. ಅವ್ವ ಪ್ರತಿ ಸಲವೂ "ಹೂಂ ಮಗಳೇ, ಇಲ್ಲೇ ಇದ್ದೇನೆ," ಎಂದು ಮರಾಠಿಯಲ್ಲಿ ಹೇಳುತ್ತಿದ್ದಳು. ನಾನು "ಅವ್ವಾ" ಎಂದು ಚೀರಿದಾಗ ಕಾಕಿ ನನ್ನ ಗದ್ದ ಹಿಡಿದು ತಮ್ಮ ಕಡೆ ತಿರುಗಿಸಿಕೊಂಡರು. "ಇಲ್ಲಿ ನೋಡ, ಇಲ್ಲಿ. ಆ ಕಡಿ ಏನ ನಾಟಕ ನಡದೈತೇನ?"

ನಾಟಕವೇ ನಡೆದಿದ್ದರೂ ನಾನು ಅಷ್ಟು ನೋಡುತ್ತಿರಲಿಲ್ಲ. ನನಗೆ ನನ್ನ ನೋವಿಗಿಂತ ಆ ಕಾಟಿನ ಮೇಲೆಯೇ ಗಮನವಿತ್ತು. ಹಾಗಾಗಿ ಮುಂದಿನದನ್ನು ಕಂಡಂತೆಯೇ ಹೇಳಬಲ್ಲೆ.

ಮೊದಲು ಅಂಜನಾ ಕಣ್ಣೇ ಕಾಣಿಸುತ್ತಿಲ್ಲವೆಂದಳು. ಆಮೇಲೆ ಅವಳ ಕೈ ಬಿಗಿದುಕೊಂಡಿತು. ದವಡೆ ಕಚ್ಚಿಕೊಂಡಿತು. ಮೈಯೆಲ್ಲ ಝಾಡಿಸತೊಡಗಿತು. ಕಬ್ಬಿಣದ ಕಾಟು ನೆಲಕ್ಕೆ ಕಟಕಟ ಬಡಿಯುತ್ತಿತ್ತು. ಯಾರೋ ಒಬ್ಬ ಮುದುಕಿ, "ಕೈಯಾಗ ಕೀಲಿಕೈ ಕೊಡ್ರಿ, ಕಬ್ಬಿಣ ಕೊಡ್ರಿ!" ಎಂದು ತನ್ನ ಸೊಂಟದ ಗೊಂಚಲು ಬಿಚ್ಚಿಕೊಂಡು ಓಡಿ ಬಂದಳು. ಅವ್ವ ಅದನ್ನು ಮುಟ್ಟಲಿಲ್ಲ. ಡಾಕ್ಟರ್‌ಬಾಯಿ ಕಲಿಸಿದ್ದಂತೆ ಅವಳನ್ನು ಮಗ್ಗುಲಿಗೆ ಹೊರಳಿಸಿ, ಬಾಯಿಯ ನೊರೆ ಸೆರಗಿನಿಂದ ಒರೆಸಿದಳು. ಅವ್ವನ ಮುಖದಲ್ಲಿ ಅಂಥ ಹೆದರಿಕೆಯನ್ನು ನಾನು ಅಪ್ಪ ಸತ್ತ ದಿನವೂ ಕಂಡಿರಲಿಲ್ಲ.

ಡಾಕ್ಟರ್‌ಬಾಯಿ ಇಂಜೆಕ್ಷನ್ ಕೊಟ್ಟು, "ಈಗಿಂದೀಗ ಮಿರಜದ ದೊಡ್ಡ ದವಾಖಾನಿಗೆ ಒಯ್ಯಬೇಕು. ತಡಾ ಆದ್ರ ಇಬ್ಬರೂ ಉಳಿಯೂದಿಲ್ಲ," ಎಂದರು. ದವಾಖಾನೆಯ ಹಳೆ ಜೀಪು ಬಾಗಿಲಿಗೆ ಬಂತು. ಸಿಸ್ಟರ್ ಜೊತೆಗೆ ಹೊರಟಳು. ಗಂಡನನ್ನು ಕರೆಯಲು ಸೈಕಲ್ ಮೇಲೆ ಕಳಿಸಿದ ಆಳು ಇನ್ನೂ ಬಂದಿರಲಿಲ್ಲ. ಅವಳ ಕಡೆಯವರೆಂದು ಒಬ್ಬರು ಬೇಕಾಗಿತ್ತು.

ಆಗ ತಾರಾ ಕಾಕಿ ನನ್ನ ಕಾಟಿನಿಂದ ಎದ್ದು ನಿಂತರು. ತಾವೇ ಹಾಕಿದ ಪದ್ಧತಿಯನ್ನು ತಾವೇ ಮುರಿದರು. "ಪದ್ಮವ್ವಾ, ನಾ ಹೋಗ್ತೀನಿ. ನೀ ಮಗಳ ಕಡಿ ಬಾ. ಇವತ್ತ ಪಾಳಿ ಗೀಳಿ ಏನೂ ಇಲ್ಲ. ಬಾ."

ನಾನು ಕೈ ಚಾಚಿದೆ. ನಿಜವಾಗಿಯೂ ಚಾಚಿದೆ.

ಅವ್ವ ಹೇಳಿದಳು: "ಬ್ಯಾಡ್ರಿ ಕಾಕಿ. ಕಣ್ಣ ತೆಗದ್ರ ಆಕಿ ನನ್ನ ಮಾರಿ ಹುಡುಕ್ತಾಳ್ರಿ. ಹೆರಿಗಿ ನಿಮ್ಮ ಕೈಯಾಗ ಚಲೋ ಅಕ್ಕೈತಿ. ನೀವ ಇಲ್ಲಿರ್ರಿ."

ಸ್ಟ್ರೆಚರು ನನ್ನ ಕಾಟಿಗೆ ತಾಗಿಯೇ ಹೋಯಿತು. ಅವ್ವ ಹಾಕಿದ್ದ ಅಂಜನಾಳ ಹೆರಳು ಕೆಳಗೆ ಜೋತುಬಿದ್ದು ನನ್ನ ಹೊದಿಕೆಯನ್ನು ಸವರಿತು. "ಅವ್ವಾ," ಎಂದೆ. ಚೀರಲಿಲ್ಲ, ಮೆತ್ತಗೆ ಕರೆದೆ. ಅವ್ವ ತಿರುಗಲಿಲ್ಲ. ಒಂದು ಕೈ ಅಂಜನಾಳ ಹಣೆಯ ಮೇಲಿತ್ತು. ಇನ್ನೊಂದು ಕೈ ಖಾಲಿ ಇತ್ತು. ಆ ಖಾಲಿ ಕೈ ನನ್ನಿಂದ ಒಂದು ಮೊಳ ದೂರದಲ್ಲಿ ಹಾದುಹೋಯಿತು. ಜೀಪಿನ ಸದ್ದು ರಸ್ತೆಗೆ ಹತ್ತಿ ಅಡಗುವವರೆಗೂ ಕೇಳಿದೆ.

ಹೊತ್ತು ಮುಳುಗುವಾಗ ನನಗೆ ಹೆಣ್ಣು ಹುಟ್ಟಿತು. ಕೂಸನ್ನು ಮೊದಲು ಎತ್ತಿಕೊಂಡವರು ತಾರಾ ಕಾಕಿ. "ಏನ ದನೀನ ತಾಯಿ ಇದು! ನಿಪ್ಪಾಣಿಗೆ ಕೇಳಸ್ತು," ಎಂದು ನಕ್ಕರು. ಬೆಳಕಿರುವಾಗಲೇ ಉಣ್ಣುವ ನಿಯಮದವರು ಅವರು. ನನ್ನ ಸಲುವಾಗಿ ಆ ಹೊತ್ತು ಮೀರಿತ್ತು, ಇನ್ನು ಮರುದಿನ ಬೆಳಗಿನವರೆಗೆ ಒಂದು ಗುಟುಕು ನೀರೂ ಇಲ್ಲ. ಅದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ನಾನೂ ಒಂದು ಒಳ್ಳೆಯ ಮಾತು ಆಡಲಿಲ್ಲ. "ಅವ್ವ ಬಂದ್ಳೇನ?" ಎಂದಷ್ಟೇ ಕೇಳುತ್ತಿದ್ದೆ.

ಅವ್ವ ಬಂದದ್ದು ಮರುದಿನ, ಮಿರಜದ ಬಸ್ಸಿಗೆ. ಸೀರೆಯ ಮೇಲೆ ರಕ್ತ ಒಣಗಿ ಕಪ್ಪಾಗಿತ್ತು. ಬಾವಿಕಟ್ಟೆಯಲ್ಲಿ ಮಿಂದು, ಸೀರೆ ಬದಲಿಸಿ, ನನ್ನ ಕಾಟಿನ ಹತ್ತಿರ ಬಂದು ನಿಂತಳು. ನಾನು ಗೋಡೆಯ ಕಡೆ ಹೊರಳಿದೆ.

"ಪಾಳಿ ಮುಗೀತೇನ ಬೇ?" ಎಂದೆ.

"ಮುಗೀತವಾ." ಕೂಸನ್ನು ಎತ್ತಿಕೊಂಡ ಸದ್ದಾಯಿತು. ಆಮೇಲೆ ತಾನಾಗಿಯೇ ಹೇಳಿದಳು: "ಆಕಿ ಉಳದ್ಳು. ಹೊಟ್ಟಿ ಕೊಯ್ದ ತಗದ್ರು. ಗಂಡ ಕೂಸ. ಅದೂ ಚಲೋ ಐತಿ."

"ಅದನ್ನ ನಾ ಕೇಳ್ಲಿಲ್ಲ."

"ಹೌದು, ನೀ ಕೇಳ್ಲಿಲ್ಲ."

"ನಾ ಕರದ್ರ ಯಾಕ ತಿರಗಿ ನೋಡ್ಲಿಲ್ಲ?"

"ಜೀಪ್ ನಿಂತಿತ್ತಲ್ಲ ಮಗಳ," ಎಂದಳು. ಕಾಟಿನ ತುದಿಗೆ ಕೂತು ನನ್ನ ಪಾದ ತಿಕ್ಕತೊಡಗಿದಳು. ಕಾಲು ಎಳೆದುಕೊಳ್ಳಬೇಕೆಂದಿದ್ದೆ. ಎಳೆದುಕೊಳ್ಳಲಿಲ್ಲ.

ಮುಂದೆ ಅವ್ವ ಬಾಣಂತನ ಚೆನ್ನಾಗಿಯೇ ಮಾಡಿದಳು. ಕಾಕಿಗೆ ಹೇಳಿ ಪಾಳಿಯನ್ನೂ ಬಿಟ್ಟಿದ್ದಳು. ನನ್ನ ಸಿಟ್ಟು ದಿನ ಕಳೆದಂತೆ ಇಳಿಯಿತು. ಹೊಟ್ಟೆಕಿಚ್ಚು ಇಳಿಯಲಿಲ್ಲ. ನನ್ನ ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದ ಅವ್ವ ಎಲ್ಲೋ ನೋಡುತ್ತ ಕೈ ನಿಲ್ಲಿಸಿದರೆ ಸಾಕು, ಮಿರಜದವಳು ನೆನಪಾದಳು ಎಂದು ನನಗೆ ಅನಿಸುತ್ತಿತ್ತು.

ನಾನು ನಿಪ್ಪಾಣಿಗೆ ಮರಳುವ ಮುನ್ನ, ಕಬ್ಬಿನ ಹಂಗಾಮು ಮುಗಿಯುವ ಹೊತ್ತಿಗೆ, ಒಂದು ಮುಂಜಾನೆ ಅಂಜನಾ ನಮ್ಮ ಮನೆಯ ಬಾಗಿಲಿಗೆ ಬಂದಳು. ಕಂಕುಳಲ್ಲಿ ಕೂಸು. ಗಂಡ ಅಂಗಳದಾಚೆ ನಿಂತಿದ್ದ. ಟೋಳಿ ಊರಿಗೆ ಹೊರಟಿತ್ತಂತೆ, ಆಯಿಯ ಕಾಲಿಗೆ ಬಿದ್ದು ಹೋಗೋಣವೆಂದು ಬಂದಿದ್ದಳು. ಅವ್ವ ಗಿರಣಿಗೆ ಹೋಗಿದ್ದಳು. ನಾನು ಕೂರು ಎಂದೆ. ನಮ್ಮಿಬ್ಬರ ಮಾತೆಲ್ಲ ಮರಾಠಿಯಲ್ಲೇ. ಅವಳು ಕೂರಲಿಲ್ಲ. ನನ್ನ ಮುಖ ನೋಡುತ್ತ ನಿಂತಳು.

"ವಿಮಲ ಎಂಬವರು ಯಾರು?" ಎಂದು ಕೇಳಿದಳು.

"ನಾನೇ. ಯಾಕೆ?"

ಅವಳು ಕೂಸನ್ನು ಇನ್ನೊಂದು ಕಂಕುಳಿಗೆ ಬದಲಿಸಿದಳು. ಹೇಳಲೋ ಬೇಡವೋ ಎನ್ನುವಂತೆ ಗಂಡನ ಕಡೆ ಒಮ್ಮೆ ನೋಡಿದಳು. ಆಮೇಲೆ ಹೇಳಿದಳು. ಜೀಪಿನಲ್ಲಿ ಅವಳಿಗೆ ಕಣ್ಣು ಕಾಣುತ್ತಿರಲಿಲ್ಲವಂತೆ, ಕಿವಿ ಮಾತ್ರ ನಡುನಡುವೆ ಕೇಳುತ್ತಿತ್ತಂತೆ. ಅವ್ವ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ಒಂದೇ ಹೆಸರು ಹಿಡಿದು ಕರೆಯುತ್ತಿದ್ದಳಂತೆ. ವಿಮಲಾ, ಕಣ್ಣು ತೆಗಿ. ವಿಮಲಾ, ನಾ ಇಲ್ಲೇ ಅದೀನಿ. ವಿಮಲಾ, ಹೋಗಬ್ಯಾಡ. ಕನ್ನಡ ಅವಳಿಗೆ ತಿಳಿದಿರಲಿಲ್ಲ, ಕಿವಿಯಲ್ಲಿ ಉಳಿದ ಸದ್ದನ್ನು ಹಾಗೆಯೇ ನನ್ನೆದುರು ಆಡಿ ತೋರಿಸಿದಳು. ತಾನು ಅಂಜನಾ, ಈ ಆಯಿ ಯಾರನ್ನು ಕರೆಯುತ್ತಿದ್ದಾಳೆ ಎಂದು ಅಂದುಕೊಂಡಳಂತೆ. ಆದರೆ ಆ ದನಿ ನಿಂತುಹೋದರೆ ತಾನೂ ಸಾಯುತ್ತೇನೆ ಎಂದು ಹೆದರಿಕೆಯಾಯಿತಂತೆ.

"ಅದಕ್ಕೇ ಆಯಿ ಕರೆದಾಗಲೆಲ್ಲ ನಾನು ಹೂಂ ಎಂದೆ," ಎಂದಳು ಅಂಜನಾ.

ಅವಳ ಕೂಸಿಗೆ ಒಂದು ಹೊಸ ಕುಲಾಯಿ ತಂದು ಕೊಟ್ಟೆ. ಅವ್ವ ಬರುವವರೆಗೆ ಇಬ್ಬರೂ ಕಟ್ಟೆಯ ಮೇಲೆ ಕೂತೆವು. ಆಮೇಲೆ ಅವ್ವನನ್ನು ಈ ಬಗ್ಗೆ ಕೇಳಿದೆ. "ಹಂಗ ಕರದ್ನೇನ? ಇಲ್ಲ ಬಿಡ, ಆಕಿಗೇನ ಎಚ್ಚರ ಇತ್ತೇನ ಆಗ," ಎಂದು ಹಿಟ್ಟಿನ ಡಬ್ಬಿ ಒಳಗೆ ಒಯ್ದಳು.

ಈ ಸಂಗತಿಯನ್ನು ಕೇಳಿದವರೆಲ್ಲ ಅವ್ವನನ್ನು ಹೊಗಳುತ್ತಾರೆ. ಊರ ಹೆಣ್ಣುಮಕ್ಕಳ ಆ ಪಾಳಿಗಳಿಂದ ಎಷ್ಟು ಜೀವ ಉಳಿದವೆಂದು ನಾನೂ ಬಲ್ಲೆ, ನಾನೂ ಹೊಗಳುತ್ತೇನೆ. ಅವ್ವ ಅಂದು ಜೀಪು ಹತ್ತದಿದ್ದರೆ ಅಂಜನಾ ಉಳಿಯುತ್ತಿರಲಿಲ್ಲವೇನೋ. ಆದರೂ ಉಳಿದದ್ದು ಉಳಿದೇ ಇದೆ. ಅವ್ವ ಜೀವಮಾನದಲ್ಲಿ ನನ್ನನ್ನು ಅಷ್ಟು ಆಸೆಯಿಂದ, ಅಷ್ಟು ಹೊತ್ತು ಕರೆದದ್ದು ಅದೊಂದೇ ಸಲ. ಕೇಳಿಸಿಕೊಂಡವಳು ಬೇರೊಬ್ಬಳು. ಹೂಂ ಎಂದವಳೂ ಅವಳೇ.